ಹತಾಶೆಯ ಹಂತವಿಲ್ಲದ ಬೋಬೊ ಬೊಂಬೆ ಪ್ರಯೋಗ: ನನ್ನ ಅನುಭವ

ಬೋಬೊ ಎಂದರೆ ಗಾಳಿ ತುಂಬಿದ, ಬೀಳಿಸಿದರೆ ತಾನೇ ಏಳುವ ಬೊಂಬೆ. ದೊಡ್ಡವರೊಬ್ಬರು (ಅವರೇ ‘ಮಾದರಿ’) ಅದನ್ನು ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೆಯೇ ಮಾಡುತ್ತಾರೆಯೇ ಎಂದು ನೋಡುವ ಪ್ರಯೋಗ ಇದು. ಆಟಕ್ಕೆ ಮುನ್ನ ಮಕ್ಕಳನ್ನು ಬೇಕೆಂದೇ ನಿರಾಸೆಗೊಳಿಸುವ ಹತಾಶೆಯ ಹಂತ ಕೈಬಿಟ್ಟರೆ ಇದರಲ್ಲಿ ಏನೂ ದಕ್ಕುವುದಿಲ್ಲ ಎಂದವರೇ ಹೆಚ್ಚು. 1961ರ ಮೂಲ ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಜೊತೆಗಾರರಾದ ಡೊರೊಥಿಯಾ ರಾಸ್, ಶೀಲಾ ರಾಸ್ ಮಕ್ಕಳಿಗೆ ಚೆಂದದ ಆಟಿಕೆ ಕೊಟ್ಟು, ಎರಡು ನಿಮಿಷಕ್ಕೆ ‘ಇವು ಬೇರೆ ಮಕ್ಕಳಿಗೆ’ ಎಂದು ತಡೆದು, ಆಮೇಲೆ ಬೊಂಬೆಯ ಕೋಣೆಗೆ ಬಿಟ್ಟಿದ್ದರು. ಈಗಿನ ನೈತಿಕ ಸಮಿತಿಗಳಿಗೆ ಅದನ್ನು ಒಪ್ಪಿಸುವುದು ಕಷ್ಟ. ನಾವು ಆ ಹಂತವನ್ನೇ ತೆಗೆದೆವು. ಫಿಲ್ಮ್ ತೋರಿಸಿ ನೇರ ಆಟದ ಕೋಣೆಗೆ ಕರೆದೊಯ್ಯುವ, ಬಂಡೂರರ 1965ರ ವಿನ್ಯಾಸ ಹಿಡಿದೆವು. ಅನುಕರಣೆ ಬಂತು, ಚೆನ್ನಾಗಿಯೇ ಬಂತು.

ಕೆಲಸ ಗೆದ್ದದ್ದು ಚಲನೆಗಳ ಆಯ್ಕೆಯಲ್ಲಿ. ‘ಬೊಂಬೆ ಇರುವುದೇ ಹೊಡೆಯುವುದಕ್ಕೆ, ಹೊಡೆದರೆ ಏನು ಸಾಬೀತಾಯಿತು’ ಎನ್ನುವವರಿಗೆ ಬೇರೆ ಉತ್ತರವಿಲ್ಲ. ಮೂಲದಲ್ಲೂ ಬರೀ ಗುದ್ದನ್ನು ಅನುಕರಣೆ ಎಂದು ಎಣಿಸಿರಲಿಲ್ಲ. ಮೇಲೆ ಕುಳಿತು ಮೂಗಿಗೆ ಗುದ್ದುವುದು, ಸುತ್ತಿಗೆಯಿಂದ ತಲೆಗೆ ಬಡಿಯುವುದು, ಮೇಲಕ್ಕೆ ಎಸೆಯುವುದು ಇಂಥವನ್ನು ಎಣಿಸಿದ್ದರು. ನಾವು ಮೊದಲು ಯಾವ ಮಾದರಿಯನ್ನೂ ನೋಡದ ಮಕ್ಕಳನ್ನು ಕೋಣೆಗೆ ಬಿಟ್ಟು, ತಾವಾಗಿ ಏನೇನು ಮಾಡುತ್ತಾರೆ ಎಂದು ಬರೆದುಕೊಂಡೆವು. ಒದೆ, ತಳ್ಳು, ಕತ್ತು ಹಿಡಿದು ಬೀಳಿಸುವುದು ಎಲ್ಲ ಅಲ್ಲೇ ಬಂದವು, ಹಾಗಾಗಿ ಎಲ್ಲವೂ ಪಟ್ಟಿಯಿಂದ ಹೊರಗೆ. ಉಳಿದ ನಾಲ್ಕು ಚಲನೆಗಳು ಮಾದರಿ ನೋಡದ ಮಗುವಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಪ್ರತಿ ಚಲನೆಗೂ ಒಂದು ಮಾತು ಜೋಡಿಸಬೇಕು. ‘ಢಿಶುಂ’ ಉಪಯೋಗವಿಲ್ಲ, ಅದು ಎಲ್ಲ ಮಕ್ಕಳ ಬಾಯಲ್ಲೂ ಇದೆ. ನಮ್ಮ ನಾಲ್ಕು ಚಲನೆ ಯಾವುವು, ಮಾತು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ; ಇನ್ನೊಂದು ಸುತ್ತು ಬಾಕಿಯಿದೆ.

ಫಿಲ್ಮ್ ಐದು ನಿಮಿಷದ ಒಳಗಿರಲಿ, ಪ್ರತಿ ಚಲನೆ ಮೂರು ಬಾರಿ ಬರಲಿ. ಮಾದರಿಯ ಮುಖದಲ್ಲಿ ನಗು ಬೇಡ. ನಕ್ಕರೆ ಮಕ್ಕಳೂ ನಗುತ್ತಾರೆ, ಆಮೇಲೆ ನೀವು ಅಳೆಯುತ್ತಿರುವುದು ಆಕ್ರಮಣವೋ ಕುಣಿದಾಟವೋ ಎಂಬ ಜಗಳ ಮುಗಿಯುವುದಿಲ್ಲ.

ಬೊಂಬೆಯ ವಿಷಯದಲ್ಲಿ ಮೂಲವನ್ನೇ ಅನುಸರಿಸಿ: ಮಾದರಿಗೆ ಐದಡಿಯದು, ಮಕ್ಕಳಿಗೆ ಮೂರಡಿಯದು. ಗಾಳಿ ಪೂರ್ತಿ ತುಂಬಿದರೆ ಬಡಿದ ಬೊಂಬೆ ಪುಟಿದು ಮಗುವಿನ ಮುಖಕ್ಕೇ ಬರುತ್ತದೆ. ಹೆದರಿದ ಮಗು ಮತ್ತೆ ಮುಟ್ಟುವುದಿಲ್ಲ, ದತ್ತಾಂಶ ಹಾಳು. ಹೆಬ್ಬೆರಳಿಂದ ಒತ್ತಿದರೆ ಒಂದು ಬೆರಳಗಲ ತಗ್ಗುವಷ್ಟು ಸಡಿಲ ಬಿಡಿ. ತಳಕ್ಕೆ ನೀರಿಗಿಂತ ಒಣ ಮರಳು ಮೇಲು, ಆದರೆ ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಿ. ಬಿಡಿ ಮರಳು ಒಂದು ಕಡೆ ಸರಿದು ಬೊಂಬೆ ವಾಲುತ್ತದೆ, ಹೊಲಿಗೆಯ ಬಳಿ ಹರಿಯುತ್ತದೆ. ಸುತ್ತಿಗೆ ಸ್ಪಂಜಿನದಾಗಿರಬೇಕು. ಆಗ ಹೊಡೆತದ ಸದ್ದು ಕೇಳದ ಕಾರಣ ಎರಡು ಕ್ಯಾಮೆರಾ ಬೇಕೇ ಬೇಕು, ಎದುರುಬದುರು ಮೂಲೆಗಳಲ್ಲಿ, ಒಂದು ಎತ್ತರದಲ್ಲಿ. ಒಂದೇ ಆದರೆ ಅರ್ಧ ಹೊತ್ತು ಮಗುವಿನ ಬೆನ್ನೇ ಕಾಣುತ್ತದೆ. ಮೈಕನ್ನು ಚಾವಣಿಯಿಂದ ಇಳಿಬಿಡಿ, ನೆಲಕ್ಕೆ ಚಾಪೆ ಹಾಸಿ, ಇಲ್ಲವಾದರೆ ಮಾತಿನ ಅನುಕರಣೆ ಪ್ರತಿಧ್ವನಿಯಲ್ಲಿ ಕಳೆದುಹೋಗುತ್ತದೆ. ಆಟಿಕೆಗಳು ಪ್ರತಿ ಮಗುವಿಗೂ ಅದೇ ಜಾಗದಲ್ಲಿ ಇರಬೇಕು. ಟೇಪಿನ ಗುರುತು ಹಾಕಿದರೆ ಮುಗಿಯಿತು. ಮನೆಯಲ್ಲಿ ಇಂಥ ಬೊಂಬೆ ಇದೆಯೇ ಎಂದು ಪೋಷಕರ ಒಪ್ಪಿಗೆ ಪತ್ರದಲ್ಲೇ ಕೇಳಿ, ಪರಿಚಯವಿದ್ದ ಮಕ್ಕಳಲ್ಲಿ ಅನುಕರಣೆ ಕುಸಿಯುತ್ತದೆ.

ದುಡ್ಡು ಹೋಗುವುದು ಬೊಂಬೆಗಲ್ಲ, ಕೋಡಿಂಗಿಗೆ, ಅಂದರೆ ವಿಡಿಯೊ ನೋಡಿ ಮಗು ಮಾಡಿದ್ದನ್ನು ಗುರುತು ಹಾಕುವ ಕೆಲಸಕ್ಕೆ. ನಮ್ಮ ಖರ್ಚಿನ ಮುಕ್ಕಾಲು ಪಾಲು ಕೋಡ್ ಮಾಡುವವರ ಗಂಟೆಗಳಿಗೇ ಹೋಯಿತು. ಹತ್ತು ನಿಮಿಷದ ಆಟವನ್ನು ಐದು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿದರೆ ಮಗುವಿಗೆ 120 ಗುರುತು. ಮೂಲದ ಇಪ್ಪತ್ತು ನಿಮಿಷಕ್ಕೆ 240 ಇತ್ತು. ಪಳಗಿದ ಕೈಗೂ ಒಂದು ಮಗುವಿಗೆ ಗಂಟೆಯ ಮೇಲೆ ಬೇಕು. ಎಲ್ಲವನ್ನೂ ಇಬ್ಬರಿಂದ ಮಾಡಿಸಲು ಹಣ ಸಾಲದು, ಸುಮಾರು ಮೂರನೇ ಒಂದು ಭಾಗ ಸಾಕು. ಆದರೆ ಆ ಭಾಗ ಯಾವುದು ಎಂದು ಕೋಡ್ ಮಾಡುವವರಿಗೆ ಗೊತ್ತಿರಬಾರದು, ಮಗು ಯಾವ ಗುಂಪಿನದೆಂದಂತೂ ಮೊದಲೇ ಗೊತ್ತಿರಬಾರದು.

ಕೋಡ್ ಮಾಡುವ ಇಬ್ಬರ ಶೇಕಡಾವಾರು ಹೊಂದಿಕೆ ತೋರಿಸಿ ಬೀಗುವವರನ್ನು ನಂಬಬೇಡಿ. ಹೆಚ್ಚಿನ ತುಂಡುಗಳಲ್ಲಿ ಏನೂ ನಡೆದಿರುವುದಿಲ್ಲ, ಖಾಲಿ ಜಾಗದ ಬಗ್ಗೆ ಇಬ್ಬರೂ ಒಪ್ಪುವುದು ದೊಡ್ಡ ವಿಷಯವಲ್ಲ. ಕಪ್ಪಾ ತೆಗೆಯಿರಿ: ಆಕಸ್ಮಿಕ ಹೊಂದಿಕೆಯನ್ನು ಕಳೆದು ಇಬ್ಬರೂ ಎಷ್ಟು ಒಪ್ಪುತ್ತಾರೆ ಎಂದು ಹೇಳುವ ಅಂಕ ಅದು, 1 ಎಂದರೆ ಪೂರ್ತಿ ಒಪ್ಪಿಗೆ. ನಮ್ಮದು ಶುರುವಿನಲ್ಲಿ 0.5ರ ಆಸುಪಾಸು ಹೊರಳಾಡುತ್ತಿತ್ತು. ಕಾರಣ ಒಂದೇ: ಗುದ್ದದೆ ಬೊಂಬೆಯ ಮೇಲೆ ಸುಮ್ಮನೆ ಕೂರುವ ಮಗು. ಅದಕ್ಕೆ ಭಾಗಶಃ ಅನುಕರಣೆ ಎಂಬ ಬೇರೆ ಕಾಲಂ ಕೊಟ್ಟ ಮೇಲೆ 0.8 ದಾಟಿತು. 1961ರವರೂ ಹೀಗೆಯೇ ಪ್ರತ್ಯೇಕಿಸಿದ್ದರು. ಹಳೆಯ ಪ್ರಬಂಧದ ವಿಧಾನ ಭಾಗವನ್ನು ಯಾರೂ ಪೂರ್ತಿ ಓದುವುದಿಲ್ಲ.

ಲೆಕ್ಕದಲ್ಲಿ ಸೊನ್ನೆಗಳ ಕಾಟ. ಮೂಲದಲ್ಲಿ ಆಕ್ರಮಣ ನೋಡದ ಎರಡು ಗುಂಪುಗಳಲ್ಲಿ ಸುಮಾರು 70 ಶೇಕಡಾ ಮಕ್ಕಳ ಅನುಕರಣೆ ಅಂಕ ಸೊನ್ನೆಯೇ. ಇಂಥ ದತ್ತಾಂಶದ ಮೇಲೆ ಸರಾಸರಿ ಹೋಲಿಸುವ ಪರೀಕ್ಷೆ ಓಡಿಸಿದರೆ ವಿಮರ್ಶಕರು ಹರಿದುಹಾಕುತ್ತಾರೆ. ಎರಡು ಹೆಜ್ಜೆ ಮಾಡಿ: ಅನುಕರಿಸಿತೇ ಇಲ್ಲವೇ ಎಂಬುದು ಮೊದಲು, ಅನುಕರಿಸಿದ್ದರೆ ಎಷ್ಟು ಎಂಬುದು ಆಮೇಲೆ. ಮಕ್ಕಳನ್ನು ಗುಂಪಿಗೆ ಹಂಚುವ ಮುನ್ನ ಶಿಕ್ಷಕರಿಂದ ಆಕ್ರಮಣಶೀಲತೆಯ ಅಂಕ ಪಡೆದು ಸಮಾನ ಅಂಕದ ಮೂರು ಮೂರು ಮಕ್ಕಳ ಕಟ್ಟು ಮಾಡಿಕೊಂಡಿದ್ದರೆ ಮಕ್ಕಳ ಸಂಖ್ಯೆ ಕಡಿಮೆಯಿದ್ದರೂ ಪರೀಕ್ಷೆಗೆ ಬಲ ಬರುತ್ತದೆ.

ನಡುವೆ ಒಂದು ಅಡ್ಡಹಾದಿ ಹಿಡಿದೆವು. ಅದೇ ಬೊಂಬೆಗೆ ಕುಂಚದಿಂದ ಬೆನ್ನು ಸವರುವಂಥ ವಿಚಿತ್ರ, ಆದರೆ ಸೌಮ್ಯ ಚಲನೆಗಳ ಫಿಲ್ಮ್. ಮಕ್ಕಳು ಅದನ್ನೂ ಅಷ್ಟೇ ಉತ್ಸಾಹದಿಂದ ಮಾಡಿದರು. ನನ್ನ ಮಟ್ಟಿಗೆ ಈ ಗುಂಪಿಲ್ಲದೆ ‘ಆಕ್ರಮಣವನ್ನು ಕಲಿತರು’ ಎಂದು ಬರೆಯುವುದು ಅವಸರ. ಹೊಸದನ್ನು ಕಲಿತರು ಎನ್ನಬಹುದು, ಅಷ್ಟೇ. ಬಂಡೂರರ 1963ರ ಪ್ರಯೋಗದಂತೆ ಬೆಕ್ಕಿನ ವೇಷದ ಮಾದರಿಯನ್ನೂ ಯೋಚಿಸಿದ್ದೆವು, ವೇಷದ ಖರ್ಚು ನೋಡಿ ಬಿಟ್ಟೆವು.

ಕೊನೆಯ ಹಂತವನ್ನು ಮಾತ್ರ ಯಾರೂ ಬಿಡಬಾರದು. ಆಟ ಮುಗಿದ ಮೇಲೆ ‘ಫಿಲ್ಮಿನಲ್ಲಿ ಅವರು ಮಾಡಿದ್ದನ್ನು ತೋರಿಸು’ ಎಂದು ಕೇಳಿ, ಪ್ರತಿ ಸರಿಯಾದ ಚಲನೆಗೂ ಒಂದು ಸ್ಟಿಕ್ಕರ್ ಕೊಡಿ. 1965ರ 66 ಮಕ್ಕಳಲ್ಲಿ ಮಾದರಿಗೆ ಶಿಕ್ಷೆಯಾದುದನ್ನು ನೋಡಿದವರು ಆಟದಲ್ಲಿ ಕಡಿಮೆ ಅನುಕರಿಸಿದ್ದರು. ಬಹುಮಾನ ಇಟ್ಟಾಗ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಯಿತು. ನಮ್ಮಲ್ಲೂ ಹತ್ತು ನಿಮಿಷ ಕ್ರೆಯಾನ್ ಬಿಟ್ಟು ಏಳದ ಮಕ್ಕಳು ಇಲ್ಲಿ ಮಾತಿನ ಸಮೇತ ಮಾಡಿ ತೋರಿಸಿದರು. ಸ್ಟಿಕ್ಕರ್ ಹಾಳೆ ಅಲ್ಲಿಯವರೆಗೆ ಕೋಣೆಯ ಹೊರಗೇ ಇರಲಿ. ಮೊದಲೇ ಕಣ್ಣಿಗೆ ಬಿದ್ದರೆ ಮಗು ಬಾಗಿಲ ಬಳಿಯೇ ನಿಂತುಬಿಡುತ್ತದೆ.