ರಾಜ್ಯಶಾಸ್ತ್ರದ ಇಂಗ್ಲಿಷ್: ಓದುವ, ಬರೆಯುವ ಕ್ರಮ

ರಾಜ್ಯಶಾಸ್ತ್ರವನ್ನು ಇಂಗ್ಲಿಷ್‌ನಲ್ಲಿ ಓದುವವರಿಗೆ ಹೊಸ ಪದಗಳಿಗಿಂತ ಹೆಚ್ಚು ತೊಂದರೆ ಕೊಡುವುದು ಗೊತ್ತಿದೆ ಎಂದುಕೊಂಡ ಪದಗಳೇ. 'ಸ್ಟೇಟ್' (ಪ್ರಭುತ್ವ), 'ನೇಷನ್' (ರಾಷ್ಟ್ರ), 'ಗವರ್ನಮೆಂಟ್' (ಸರ್ಕಾರ) ದಿನದ ಮಾತಿನಲ್ಲಿ ಒಂದರ ಬದಲು ಇನ್ನೊಂದು ನಡೆಯುತ್ತವೆ, ಪ್ರಬಂಧದಲ್ಲಿ ನಡೆಯುವುದಿಲ್ಲ. ಚುನಾವಣೆಯಲ್ಲಿ ಬದಲಾಗುವುದು ಗವರ್ನಮೆಂಟ್, ಸ್ಟೇಟ್ ಅಲ್ಲ. ಇಂಥ ಪದ ಸಿಕ್ಕಾಗ ಅದು ಬಂದ ಇಡೀ ವಾಕ್ಯವನ್ನೇ ಬರೆದಿಡಿ. 'ಪವರ್' ಒಂದೇ ಸಾಲದು. 'ಎಕ್ಸರ್‌ಸೈಸ್ ಪವರ್', 'ಪವರ್ ಓವರ್' ಎಂದು ಜೋಡಿಯಾಗಿ ಕಲಿಯಿರಿ. ದಿನಕ್ಕೆ ಐದಾರು ಸಾಕು. 2000ದಲ್ಲಿ ಪ್ರಕಟವಾದ ಅಕಾಡೆಮಿಕ್ ವರ್ಡ್ ಲಿಸ್ಟ್ ಎಂಬ, ವಿದ್ವತ್ ಬರಹಗಳಲ್ಲಿ ಹೆಚ್ಚಾಗಿ ಬರುವ ಇಂಗ್ಲಿಷ್ ಪದಗಳ ಪಟ್ಟಿಯ 570 ಪದಕುಟುಂಬಗಳನ್ನು (ಒಂದು ಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ) ಬಾಯಿಪಾಠ ಮಾಡಲು ಹೋಗಬೇಡಿ. ಓದಿನಲ್ಲಿ ಎದುರಾದವನ್ನು ಅದರಲ್ಲಿ ಗುರುತು ಹಾಕುತ್ತ ಹೋಗಿ.

ಲೇಖನವನ್ನು ಮೊದಲ ಸಾಲಿನಿಂದ ಓದಬೇಡಿ. ಸಾರಾಂಶ, ಪೀಠಿಕೆಯ ಕೊನೆಯ ಪ್ಯಾರಾಗಳು, ಉಪಸಂಹಾರ ನೋಡಿ, ವಾದವನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು ಆಮೇಲೆ ಒಳಗೆ ಇಳಿಯಿರಿ.

ಬರೆಯುವಾಗ ಎಡವುವುದು ಕ್ರಿಯಾಪದದಲ್ಲಿ. ಎರಡು ದೇಶಗಳ ಹೋಲಿಕೆ ಏನನ್ನೂ 'ಪ್ರೂವ್' ಮಾಡುವುದಿಲ್ಲ, 'ಸಜೆಸ್ಟ್' ಮಾಡುತ್ತದೆ ಅಷ್ಟೆ. ಲೇಖಕರ ನಿಲುವಿಗೆ 'ಆರ್ಗ್ಯೂಸ್' ಬಳಸಿ. 'ಕ್ಲೇಮ್ಸ್' ಎಂದರೆ ನಿಮಗೇ ನಂಬಿಕೆಯಿಲ್ಲ ಎಂಬ ವಾಸನೆ ಹೊಡೆಯುತ್ತದೆ. ಇನ್ನು 'ಡಿಸ್ಕಸ್' ನಂತರ 'ಅಬೌಟ್' ಬೇಡವೇ ಬೇಡ.