ಹಲಗೆ ನಿಂತ ಜಾಗ: ಹಳೆಯ ತಿಕ್‌ನೆಸ್ ಮೆಷಿನ್ ಸರಿಪಡಿಸಿದ ನನ್ನ ಅನುಭವ

ಸಾಗರ ಪಟ್ಟಣದ ಬಳಿಯ ನನ್ನ ಮರಗೆಲಸದ ಶೆಡ್ಡಿನಲ್ಲಿ ಹಲಗೆಗಳನ್ನು ಕೀಸಿ ಒಂದೇ ದಪ್ಪಕ್ಕೆ ತರುವ, 12 ಇಂಚು ಅಗಲದ ಹಲಗೆ ಹಿಡಿಸುವ ತಿಕ್‌ನೆಸ್ ಮೆಷಿನ್ ಒಂದಿದೆ. ಎರಕದ ಕಬ್ಬಿಣದ ಮೈ, ತಿರುಗುತ್ತಾ ಮರ ಕೀಸುವ ಮೂರು ಬ್ಲೇಡಿನ ಕಟರ್ ಬ್ಲಾಕ್, ಹಲಗೆಯನ್ನು ಎಳೆದುಕೊಳ್ಳಲು ಮುಂದೊಂದು ಹಲ್ಲಿನ ರೋಲರ್, ಹಿಂದೊಂದು ನುಣುಪು ರೋಲರ್. ನನ್ನ ಕೈಗೆ ಬರುವ ಹೊತ್ತಿಗೇ ಅದು ಇನ್ನೊಬ್ಬರಲ್ಲಿ ವರ್ಷಗಟ್ಟಲೆ ದುಡಿದಿತ್ತು. ಕಳೆದ ಮಳೆಗಾಲದಲ್ಲಿ ಬಾಗಿಲಿನ ಕೆಲಸಕ್ಕೆಂದು ಹಲಸಿನ ಹಲಗೆಗಳನ್ನು ಒಂದೇ ದಪ್ಪಕ್ಕೆ ತರುತ್ತಿದ್ದಾಗ, ಒಳಗೆ ಹೋದ ಹಲಗೆ ಅಲ್ಲಲ್ಲೇ ನಿಲ್ಲತೊಡಗಿತು. "ಅಣ್ಣಾ, ಹಿಂದಿನಿಂದ ತಳ್ಳಿದ್ರೆ ಮಾತ್ರ ಹೋಗ್ತದೆ, ಕೈ ಬಿಟ್ರೆ ನಿಲ್ತದೆ" ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗ ಹೇಳಿದ.

ಬಹಳ ಜನ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ರೋಲರ್‌ಗಳ ಹಿಡಿತ ಸಡಿಲವಾಗಿರಬೇಕೆಂದು ಭಾವಿಸಿ, ಅವುಗಳನ್ನು ಕೆಳಕ್ಕೆ ಒತ್ತುವ ಸ್ಪ್ರಿಂಗುಗಳ ಸ್ಕ್ರೂವನ್ನು ಎರಡೂ ಬದಿಯಲ್ಲಿ ಎರಡೆರಡು ಸುತ್ತು ಬಿಗಿ ಮಾಡಿದೆ. ಹಲಗೆ ಆಗಲೂ ನಿಂತಿತು. ಅದರ ಜೊತೆಗೆ ಹಲ್ಲಿನ ರೋಲರಿನ ಗುರುತು ಎಷ್ಟು ಆಳಕ್ಕೆ ಇಳಿಯಿತೆಂದರೆ, 1 ಮಿಲಿಮೀಟರ್ ಕೀಸಿದ ಮೇಲೂ ಅದು ಹೋಗದೆ ಎರಡು ಒಳ್ಳೆಯ ಹಲಗೆಗಳು ಬಾಗಿಲಿಗೆ ಬಾರದಂತಾದವು. ಮೇಲಿನ ರೋಲರ್ ಹೆಚ್ಚು ಒತ್ತಿದಷ್ಟೂ ಹಲಗೆ ಕೆಳಗಿನ ಟೇಬಲ್ಲಿಗೆ ಹೆಚ್ಚು ಒತ್ತಿಕೊಂಡು ಅಲ್ಲಿಯೂ ತಿಕ್ಕಾಟ ಬೆಳೆಯುತ್ತದೆ. ಅಡ್ಡಿ ಬೇರೆಲ್ಲೋ ಇರುವಾಗ ಸ್ಪ್ರಿಂಗಿಗೆ ಕೈ ಹಾಕಬಾರದೆಂಬುದು ನನಗೆ ಆ ದಿನ ಸ್ಪಷ್ಟವಾಯಿತು.

ಕೆಲಸ ನಿಲ್ಲಿಸಿ, ಕೆಟ್ಟುಹೋದ ಹಲಗೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿ ನೋಡಿದೆ. ಹಲಗೆ ನಿಂತರೂ ಬ್ಲೇಡು ತಿರುಗುತ್ತಲೇ ಇರುವುದರಿಂದ ಆ ಜಾಗದಲ್ಲಿ ಅಡ್ಡಲಾಗಿ ಒಂದು ಸಣ್ಣ ತಗ್ಗು ಬಿದ್ದು, ಉಜ್ಜಿ ಸುಟ್ಟಂತೆ ಕಂದು ಗೆರೆ ಮೂಡಿರುತ್ತದೆ. ಮುಂದಿನ ತುದಿಗಳನ್ನು ಒಂದೇ ಸಾಲಿಗೆ ಜೋಡಿಸಿದಾಗ, ಹೆಚ್ಚಿನ ಹಲಗೆಗಳಲ್ಲಿ ಆ ಗೆರೆ ತುದಿಯಿಂದ ಸುಮಾರು ಒಂದು ಇಂಚಿನಲ್ಲೇ ಇತ್ತು. ಉಳಿದ ಕೆಲವಲ್ಲಿ ಅದು ಹಿಂದಿನ ತುದಿಯಿಂದ ಸುಮಾರು ನಾಲ್ಕು ಇಂಚಿನಲ್ಲಿತ್ತು. ಕರೆಂಟು ತೆಗೆದು ಮೆಷಿನ್ ಒಳಗೆ ಅಳೆದು ನೋಡಿದೆ. ಬ್ಲೇಡು ದಾಟಿ ಒಂದು ಇಂಚಿಗೆ ಸಿಗುವುದು ಪ್ರೆಶರ್ ಬಾರ್, ಅಂದರೆ ಕೀಸಿದ ಹಲಗೆ ಅದುರದಂತೆ ಮೇಲಿನಿಂದ ಹಿಡಿಯುವ ಪಟ್ಟಿ. ಬ್ಲೇಡಿನಿಂದ ಈಚೆಗೆ ನಾಲ್ಕು ಇಂಚಿಗೆ ಇರುವುದು ಹಲ್ಲಿನ ರೋಲರ್. ಅಂದರೆ ಮೊದಲ ಗುಂಪಿನ ಹಲಗೆಗಳ ಮೂತಿ ಪ್ರೆಶರ್ ಬಾರ್‌ಗೆ ಸಿಕ್ಕಿಕೊಂಡಿತ್ತು. ಎರಡನೆಯ ಗುಂಪಿನವು ಹಲ್ಲಿನ ರೋಲರಿನ ಹಿಡಿತ ಬಿಟ್ಟೊಡನೆ, ಹಿಂದಿನ ನುಣುಪು ರೋಲರ್ ಒಂದಕ್ಕೇ ಎಳೆಯಲಾಗದೆ ನಿಂತಿದ್ದವು.

ಬೆಲ್ಟು ಅಥವಾ ಚೈನು ಜಾರುತ್ತಿರಬಹುದೇ ಎಂಬ ಅನುಮಾನ ಉಳಿದಿತ್ತು. ನುಣುಪು ರೋಲರಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದು, ಹಲಗೆ ನಿಂತಾಗ ಪಕ್ಕಕ್ಕೆ ನಿಂತು ಗಮನಿಸಿದೆ. ಗೀಟು ತಿರುಗುತ್ತಲೇ ಇತ್ತು, ಅಂದರೆ ಬೆಲ್ಟು, ಚೈನು ಜಾರುತ್ತಿರಲಿಲ್ಲ. ಅದೂ ನಿಂತಿದ್ದರೆ ಬೆಲ್ಟು, ಕೀಲಿ, ಗಿಯರುಗಳನ್ನು ಬಿಚ್ಚಬೇಕಾಗುತ್ತಿತ್ತು.

ಪ್ರೆಶರ್ ಬಾರ್ ತಾನಾಗಿಯೇ ಕೆಳಗಿಳಿಯುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬ್ಲೇಡುಗಳಿಗೆ ಸಾಣೆ ಹಿಡಿಸಿ ಮತ್ತೆ ಕೂರಿಸುವಾಗ, ಅವು ಬ್ಲಾಕಿನಿಂದ ಹೊರಚಾಚುವ ಅಳತೆಯನ್ನು ನಾನು ಹಿಂದಿಗಿಂತ ಕಡಿಮೆ ಮಾಡಿದ್ದೆ. ಬ್ಲೇಡಿನ ಸುತ್ತು ಚಿಕ್ಕದಾಯಿತು, ಬಾರ್ ಮಾತ್ರ ಹಳೆಯ ಮಟ್ಟದಲ್ಲೇ ಉಳಿಯಿತು. ಇದನ್ನು ಖಚಿತ ಮಾಡಿಕೊಳ್ಳಲು ಒಣಗಿದ ಮತ್ತಿ ಮರದ ತುಂಡೊಂದರ ಎರಡು ಮುಖಗಳನ್ನು ಸಮನಾಗಿ ಕೀಸಿ ಟೇಬಲ್ಲಿನ ಮೇಲಿಟ್ಟೆ. ಒಂದು ಬ್ಲೇಡಿನ ತುದಿಯನ್ನು ಅತ್ಯಂತ ಕೆಳಕ್ಕೆ ತಿರುಗಿಸಿ, ತುಂಡು ಅದಕ್ಕೆ ತಾಗುವವರೆಗೆ ಟೇಬಲ್ ಏರಿಸಿದೆ. ಅದೇ ಮಟ್ಟದಲ್ಲಿ ತುಂಡು ಬಾರಿನ ಅಡಿಗೆ ಹೋಗಲಿಲ್ಲ. ಹೋಗುವಷ್ಟು ಟೇಬಲ್ ಇಳಿಸಿ, ತುಂಡಿಗೂ ಬ್ಲೇಡಿಗೂ ನಡುವಿನ ಸಂದಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ಹಾಕಿದಾಗ 0.3 ಮಿಲಿಮೀಟರ್ ಎಲೆ ಸಲೀಸಾಗಿ ಸೇರಿತು. ಇಷ್ಟು ಸಾಕು ಹಲಗೆ ಕಚ್ಚಿಕೊಳ್ಳುವುದಕ್ಕೆ. ಎರಡೂ ಬದಿಯ ಲಾಕ್ ನಟ್ಟು ಸಡಿಲಿಸಿ ಬಾರನ್ನು ಬ್ಲೇಡಿನ ಮಟ್ಟಕ್ಕೇ ತಂದೆ. ಅತಿಯಾಗಿ ಎತ್ತಿದರೆ ಹಲಗೆ ಅದುರಿ ಮೇಲ್ಮೈಯಲ್ಲಿ ಅಲೆಯಲೆಯಾಗಿ ಗುರುತು ಬೀಳುತ್ತದೆ. ಆದ್ದರಿಂದ ಈ ಹೊಂದಾಣಿಕೆಯನ್ನು ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎಂದು ಮತ್ತೆ ಮತ್ತೆ ಅಳೆಯುತ್ತಾ ಒಂದು ಮಧ್ಯಾಹ್ನವಿಡೀ ಮಾಡಿದೆ. ಇದೇ ತುಂಡಿನಿಂದ ಹಲ್ಲಿನ ರೋಲರನ್ನೂ ನೋಡಿದೆ. ಅದು ಬ್ಲೇಡಿಗಿಂತ 0.8 ಮಿಲಿಮೀಟರ್ ಕೆಳಗಿದ್ದು ಸರಿಯಾಗಿಯೇ ಇತ್ತು.

ನುಣುಪು ರೋಲರಿನ ಕಥೆ ಹಲಸಿನ ಅಂಟಿನದು. ಹಲಗೆಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಅಂಟು, ಪುಡಿ ಸೇರಿ ರೋಲರಿನ ಮೇಲೆ ವಾರ್ನಿಷ್ ಬಳಿದಂತೆ ಹೊಳೆಯುವ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು. ಫ್ಯೂಸ್ ಕಿತ್ತು, ಕಟರ್ ಬ್ಲಾಕ್ ತಿರುಗದಂತೆ ಬೆಣೆ ಹೊಡೆದು, ಬೆಲ್ಟು ಕಳಚಿ, ರೋಲರನ್ನು ಕೈಯಲ್ಲೇ ತಿರುಗಿಸುತ್ತಾ ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದೆ. ಮೆಷಿನ್ ಓಡುತ್ತಿರುವಾಗ ರೋಲರಿಗೆ ಬಟ್ಟೆ ಹಿಡಿಯುವವರನ್ನು ನಾನು ಕಂಡಿದ್ದೇನೆ; ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಟೇಬಲ್ಲಿನಲ್ಲಿರುವ ಎರಡು ಕೆಳರೋಲರುಗಳಲ್ಲಿ ಒಂದು ಪುಡಿ ತುಂಬಿ, ಅದರ ತುದಿ ತಿರುಗುವ ಬುಷ್ ಎಂಬ ಬಳೆ ಒಣಗಿ, ತಿರುಗುವುದನ್ನೇ ನಿಲ್ಲಿಸಿತ್ತು. ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಬೆರಳು ಸೋಕಿದರೆ ತಿರುಗುವಂತಾದ ಮೇಲೆ ಕೂರಿಸಿದೆ. ಮಲೆನಾಡಿನ ಮಳೆಗೆ ಟೇಬಲ್ ಬೇಗ ತುಕ್ಕು ಹಿಡಿಯುತ್ತದೆ. ನಯವಾದ ಎಮರಿ ಕಾಗದದಿಂದ ತುಕ್ಕು ತೆಗೆದು, ಮೇಣದಬತ್ತಿ ಉಜ್ಜಿ, ಒಣಬಟ್ಟೆಯಿಂದ ತಿಕ್ಕಿದೆ. ಎಣ್ಣೆ ಹಚ್ಚಿದರೆ ಪುಡಿ ಮೆತ್ತುತ್ತದೆ. ಸಿಲಿಕೋನ್ ಸ್ಪ್ರೇ ಹೊಡೆದರೆ ಅದು ಮರಕ್ಕೆ ಹತ್ತಿ ಆಮೇಲೆ ಪಾಲಿಶ್ ಸರಿಯಾಗಿ ಕೂರುವುದಿಲ್ಲ.

ಕೊನೆಗೆ ಸ್ಪ್ರಿಂಗಿನ ಸ್ಕ್ರೂಗಳನ್ನು ಎರಡೆರಡು ಸುತ್ತು ಸಡಿಲಿಸಿ ಮೊದಲಿನ ಸ್ಥಿತಿಗೇ ತಂದೆ. ಏಳು ಅಡಿಯ ಹಲಗೆಯೊಂದನ್ನು ಹುಡುಗ ಮುಂದಿನಿಂದ ಕೊಟ್ಟು ಕೈ ಬಿಟ್ಟ. ಹಿಂದೆ ಪಕ್ಕಕ್ಕೆ ನಿಂತು ಕಾಯುತ್ತಿದ್ದ ನನ್ನ ಕೈಗೆ ಅದು ಎಲ್ಲಿಯೂ ನಿಲ್ಲದೆ ಬಂತು. ತೀರಾ ಹಸಿಯಾಗಿದ್ದ ಆರು ಹಲಗೆಗಳನ್ನು ಮಾತ್ರ ಅಟ್ಟಣಿಗೆಯ ಮೇಲೆ ಒಣಗಲು ಇಟ್ಟಿದ್ದೇನೆ.