ಎಂಟು ತಲೆಯ ಮನುಷ್ಯ: ಹೈಸ್ಕೂಲ್ ಡ್ರಾಯಿಂಗ್ ಟೀಚರ್‌ಗಳಿಗೆ

9ನೇ ಕ್ಲಾಸಿಗೆ ಮನುಷ್ಯಾಕೃತಿ ಹೇಳಿಕೊಡುವಾಗ ಬೋರ್ಡಿನ ಮೇಲೆ ಎಂಟು ತಲೆಯ ಅಳತೆ (ಮೈಯ ಎತ್ತರ ತಲೆಯ ಉದ್ದದ ಎಂಟರಷ್ಟು) ಹಾಕಿ 'ಇದೇ ಸರಿಯಾದ ಮೈಕಟ್ಟು' ಅಂದುಬಿಡಬೇಡಿ. ನಾನು ವರ್ಷಗಟ್ಟಲೆ ಹಾಗೇ ಹೇಳಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚಿತ್ರದ ಕಾಲು ಅಳಿಸಿ ಅಳಿಸಿ ಹಾಳೆಯನ್ನೇ ತೂತು ಮಾಡಿದ್ದಳು. "ನನ್ ಕಾಲೇ ಗಿಡ್ಡ ಮಿಸ್, ಲೆಕ್ಕಕ್ಕೆ ಬರ್ತಿಲ್ಲ" ಅಂದಳು.

ಈಗ ಮೊದಲೇ ಹೇಳ್ತೀನಿ: ಎಂಟು ತಲೆ ಅನ್ನೋದು ಕಲಾವಿದರು ಮಾಡಿಕೊಂಡ ಲೆಕ್ಕ. ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ಸುಮಾರು ಏಳಕ್ಕೆ ನಿಂತ. ಆಮೇಲೆ ಬಂದ ಲಿಸಿಪ್ಪಸ್ ತಲೆ ಚಿಕ್ಕದು ಮಾಡಿ ಎಂಟಕ್ಕೆ ಎಳೆದ. ಫ್ಯಾಷನ್ ಸ್ಕೆಚ್‌ನವರದ್ದು ಒಂಬತ್ತು. ನಮ್ಮ ಶಿಲ್ಪಶಾಸ್ತ್ರದ ನವತಾಳ ಅಂದರೆ ಒಂಬತ್ತು ತಾಳ, ತಾಳಕ್ಕೆ 12ರಂತೆ 108 ಅಂಗುಲ (ಇಂಚಲ್ಲ), ಆದರೆ ಅಲ್ಲಿ ತಾಳ ಅಂದರೆ ಮುಖದ ಉದ್ದ, ಪೂರ್ತಿ ತಲೆಯದ್ದಲ್ಲ (ಮಕ್ಕಳು ಇದನ್ನ ಖಂಡಿತ ಬೆರೆಸ್ತಾರೆ). ನಿಜವಾದ ದೊಡ್ಡವರು ಸಾಮಾನ್ಯವಾಗಿ ಏಳು, ಏಳೂವರೆ. 13 ವರ್ಷದವರು ಇನ್ನೂ ಕಡಿಮೆ.

ಅಳೆಯೋಕೆ ಮಕ್ಕಳನ್ನ ನಿಲ್ಲಿಸಬೇಡಿ, ಸಂಜೆಯೊಳಗೆ ಅಡ್ಡಹೆಸರು ಬಿದ್ದಿರುತ್ತೆ. ನೀವೇ ನಿಲ್ಲಿ. ಅವರು ತೋಳು ನೇರ ಚಾಚಿ, ಪೆನ್ಸಿಲ್ ತುದಿ ನಿಮ್ಮ ನೆತ್ತಿಗೆ, ಹೆಬ್ಬೆರಳು ಗದ್ದಕ್ಕೆ ಹಿಡಿದು ಹಾಗೇ ಕೆಳಕ್ಕೆ ಎಣಿಸಲಿ. ನಾನು ಆರೂ ಮುಕ್ಕಾಲು ಬಂದೆ. ಕ್ಲಾಸೆಲ್ಲ ನಕ್ಕಿತು, ಆ ಹುಡುಗಿಯೂ.